ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ವಾಕಿಂಗ್, ವ್ಯಾಯಾಮ ರೂಢಿ ಮಾಡಿಸುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಮೊದಲ ಮೂರು ದಿನ ಖುಷಿಯಾಗಿ ಬರುತ್ತಾರೆ. ನಾಲ್ಕನೇ ದಿನ ಪಾರ್ಕಿನ ಗೇಟ್ ಹತ್ತಿರ ಕೂತುಬಿಡುತ್ತಾರೆ, ಏನು ಮಾಡಿದರೂ ಏಳುವುದಿಲ್ಲ. ಬೌದ್ಧಿಕ ಅಂಗವೈಕಲ್ಯ (ಕಲಿಯುವುದು, ಅರ್ಥ ಮಾಡಿಕೊಳ್ಳುವುದು ನಿಧಾನವಾಗಿರುವ ಸ್ಥಿತಿ) ಇರುವ ಮಕ್ಕಳ ಅಪ್ಪ ಅಮ್ಮಂದಿರು ಮತ್ತೆ ಮತ್ತೆ ಹೇಳಿಕೊಳ್ಳುವ ಕಷ್ಟ ಇದು. ಸೋಮಾರಿತನ, ಹಠ ಅಂತ ಅಂದುಕೊಂಡು ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ.

ನಿಜಕ್ಕೂ ತಪ್ಪುತ್ತಿರುವುದು ಕ್ರಮ. ನಾವು ಮೊದಲ ದಿನವೇ ಅರ್ಧ ಗಂಟೆ ನಡೆಸುತ್ತೇವೆ. ಎಲ್ಲಿಗೆ ಹೋಗುತ್ತಿದ್ದೇವೆ, ಯಾವಾಗ ಮುಗಿಯುತ್ತೆ ಅನ್ನುವುದು ನಮಗೆ ಗೊತ್ತು. ಅವರಿಗೆ ಗೊತ್ತಿಲ್ಲ. ಯಾವಾಗ ಮುಗಿಯುತ್ತೆ ಅಂತ ಗೊತ್ತಿಲ್ಲದ ಕೆಲಸಕ್ಕೆ ದಿನಾ ಯಾರು ಬರುತ್ತಾರೆ? ಅದಕ್ಕೇ ಈ ಮಾರ್ಗದರ್ಶಿಯಲ್ಲಿ ನಡಿಗೆ ಶುರುವಾಗುವುದು ಐದನೇ ಹಂತದಲ್ಲಿ. ಮೊದಲ ನಾಲ್ಕನ್ನು ಹಾರಿಸಬೇಡಿ.

ಹದಿಹರೆಯದವರು ಮತ್ತು ದೊಡ್ಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಸ್ಪೆಷಲ್ ಸ್ಕೂಲ್ ಮುಗಿದ ಮೇಲೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇವರ ದಿನವೆಲ್ಲ ಟಿವಿ, ಮೊಬೈಲ್ ಮುಂದೆಯೇ ಕಳೆಯುತ್ತದೆ. ಮೈ ಕೆಡಲು ಶುರುವಾಗುವುದು ಆಗಲೇ.

## ಹಂತ 1: ಡಾಕ್ಟರ ಹತ್ತಿರ ಸರಿಯಾದ ಪ್ರಶ್ನೆ ಕೇಳಿ

“ವ್ಯಾಯಾಮ ಮಾಡಿಸಬಹುದಾ ಡಾಕ್ಟ್ರೇ?” ಅಂತ ಕೇಳಿದರೆ “ಮಾಡಿಸಿ, ಒಳ್ಳೇದು” ಅನ್ನುವ ಉತ್ತರವೇ ಬರುತ್ತದೆ. ಅದರಿಂದ ಪ್ರಯೋಜನ ಕಡಿಮೆ. ಕೆಳಗಿನವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಒಂದೊಂದಾಗಿ ಕೇಳಿ.

ಹೃದಯ ಮತ್ತು ಥೈರಾಯ್ಡ್. ಡೌನ್ ಸಿಂಡ್ರೋಮ್ (ಒಂದು ಕ್ರೋಮೋಸೋಮ್ ಹೆಚ್ಚಿದ್ದು ಹುಟ್ಟಿನಿಂದಲೇ ಬರುವ ಸ್ಥಿತಿ) ಇರುವವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಚಿಕ್ಕಂದಿನಲ್ಲಿ ಆಪರೇಷನ್ ಆಗಿದ್ದರೂ ಈಗಿನ ಸ್ಥಿತಿ ತಿಳಿದಿರಬೇಕು. ಥೈರಾಯ್ಡ್ ಕಡಿಮೆ ಇರುವುದೂ ಅವರಲ್ಲಿ ಜಾಸ್ತಿ. ಥೈರಾಯ್ಡ್ ಕಡಿಮೆಯಾದರೆ ಸುಸ್ತು, ಮಂಕು, ತೂಕ ಏರಿಕೆ ಬರುತ್ತವೆ. ನಾವು ಅದನ್ನೇ ಸೋಮಾರಿತನ ಅಂತ ಬೈಯುತ್ತಿರುತ್ತೇವೆ.

ಕತ್ತು. ಇದು ಡೌನ್ ಸಿಂಡ್ರೋಮ್ ಇರುವವರ ಮನೆಯವರು ಎಂದೂ ಮರೆಯಬಾರದ ವಿಷಯ. ಕತ್ತಿನ ಮೇಲ್ಭಾಗದ ಎರಡು ಮೂಳೆಗಳ ನಡುವಿನ ಹಿಡಿತ ಇವರಲ್ಲಿ ಕೆಲವರಿಗೆ ಸಡಿಲ ಇರುತ್ತದೆ. ಜೋರಾಗಿ ಬಗ್ಗಿದರೆ ಬೆನ್ನುಹುರಿಗೆ ಪೆಟ್ಟು ಬೀಳಬಹುದು. ನಮ್ಮಲ್ಲಿ ವ್ಯಾಯಾಮ ಅಂದ ಕೂಡಲೇ ಯೋಗ ಕ್ಲಾಸಿಗೆ ಸೇರಿಸುವುದು ರೂಢಿ ಅಲ್ವಾ? ಸೇರಿಸಿ, ಆದರೆ ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಬೇಡ ಅಂತ ಟೀಚರಿಗೆ ಮೊದಲೇ ಹೇಳಿ. ಲಾಗ ಹಾಕುವುದು, ಟ್ರ್ಯಾಂಪೊಲಿನ್ ಮೇಲೆ ಕುಣಿಯುವುದು, ನೀರಿಗೆ ತಲೆಕೆಳಗಾಗಿ ಹಾರುವುದೂ ಬೇಡ. ಒಮ್ಮೆ ತೆಗೆಸಿದ ಎಕ್ಸ್‌ರೇ ಚೆನ್ನಾಗಿದೆ ಅಂತ ನಿಶ್ಚಿಂತೆಯಿಂದ ಇರಬೇಡಿ. ಮುಂದೆ ಹೇಳುವ ಲಕ್ಷಣಗಳ ಮೇಲೆ ಯಾವಾಗಲೂ ಕಣ್ಣಿರಲಿ.

ಫಿಟ್ಸ್. ಬೌದ್ಧಿಕ ಅಂಗವೈಕಲ್ಯ ಇರುವವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮೂರ್ಛೆರೋಗವೂ ಇರುತ್ತದೆ. ಫಿಟ್ಸ್ ಇದೆ ಅನ್ನುವ ಒಂದೇ ಕಾರಣಕ್ಕೆ ನಡಿಗೆ ನಿಲ್ಲಿಸಬೇಕಿಲ್ಲ. ಎತ್ತರಕ್ಕೆ ಹತ್ತುವುದು ಮತ್ತು ಈಜು, ಇವೆರಡರ ಬಗ್ಗೆ ಮಾತ್ರ ಬೇರೆಯಾಗಿ ಕೇಳಿ. ಈಜಿಗೆ ಕಳಿಸಿದರೆ ಕೈಗೆಟಕುವ ದೂರದಲ್ಲಿ ಒಬ್ಬರು ಇವರನ್ನೇ ನೋಡುತ್ತಾ ಇರಬೇಕು.

ಔಷಧಿ. ನಡವಳಿಕೆಯ ತೊಂದರೆಗೆ ಕೊಡುವ ರಿಸ್ಪೆರಿಡೋನ್, ಓಲಾನ್ಜಪೈನ್, ಫಿಟ್ಸ್‌ಗೆ ಕೊಡುವ ವ್ಯಾಲ್ಪ್ರೊಯೇಟ್ ತೆಗೆದುಕೊಳ್ಳುವವರಿಗೆ ಹಸಿವು, ತೂಕ ಏರಬಹುದು. ಫಿಟ್ಸ್ ಮಾತ್ರೆಗಳಾದ ಟೋಪಿರಮೇಟ್, ಜೋನಿಸಮೈಡ್ ಕೆಲವರಲ್ಲಿ ಬೆವರು ಕಡಿಮೆ ಮಾಡುತ್ತವೆ. ಅಂಥವರಿಗೆ ಬಿಸಿಲಿನಲ್ಲಿ ಮೈ ಬೇಗ ಕಾಯುತ್ತದೆ. ತೂಕ ಏರಿತು ಅಂತ ಮಾತ್ರೆಯನ್ನು ನೀವಾಗಿ ನಿಲ್ಲಿಸಲೇಬೇಡಿ. ಡಾಕ್ಟರ ಹತ್ತಿರ ಮಾತಾಡಿ.

ಕಣ್ಣು, ಕಿವಿ, ಪಾದ ಕೂಡ ಒಮ್ಮೆ ನೋಡಿಸಿ. ಮೆಟ್ಟಿಲು ಇಳಿಯಲು ಹೆದರುವ ಎಷ್ಟೋ ಜನಕ್ಕೆ ಕಣ್ಣು ಸರಿಯಾಗಿ ಕಾಣುತ್ತಿರುವುದಿಲ್ಲ.

## ಹಂತ 2: ಒಂದು ವಾರ ಸುಮ್ನೆ ನೋಡಿ, ಬರೆದಿಡಿ

ಏನೂ ಬದಲಿಸಬೇಡಿ. ಒಂದು ನೋಟ್‌ಬುಕ್ ಸಾಕು. ಎಷ್ಟು ಹೊತ್ತು ಕೂತಿರುತ್ತಾರೆ, ಯಾವ ಹೊತ್ತಿನಲ್ಲಿ ಲವಲವಿಕೆ, ಯಾವ ಹಾಡಿಗೆ ಎದ್ದು ಕುಣಿಯುತ್ತಾರೆ, ಯಾವ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾರೆ, ಬರೆಯಿರಿ. ರಾತ್ರಿ ಮಾತ್ರೆಯ ಮಂಪರು ಬೆಳಿಗ್ಗೆ ಎಷ್ಟು ಗಂಟೆಗೆ ಇಳಿಯುತ್ತದೆ ಅನ್ನುವುದನ್ನೂ ಬರೆಯಿರಿ. ಬೆಳಗಿನ ಆರಕ್ಕೆ ಎಬ್ಬಿಸಿ ಸೋತವರಲ್ಲಿ ಅನೇಕರು ಈ ಒಂದು ಸಾಲನ್ನು ಗಮನಿಸಿರುವುದಿಲ್ಲ.

## ಹಂತ 3: ಬೇಕಾದ ಸಾಮಾನು

ಖರ್ಚು ಮಾಡುವುದಾದರೆ ಶೂಗೆ ಮಾಡಿ. ಡೌನ್ ಸಿಂಡ್ರೋಮ್ ಇರುವವರ ಪಾದ ಸಾಮಾನ್ಯವಾಗಿ ಅಗಲ, ಚಪ್ಪಟೆ. ಮುಂದೆ ಅಗಲವಾಗಿರುವ, ವೆಲ್ಕ್ರೋ ಪಟ್ಟಿ ಇರುವ ಶೂ ಕೊಳ್ಳಿ. ಲೇಸ್ ಕಟ್ಟಲು ಬರದಿದ್ದರೆ ಪ್ರತಿದಿನದ ಜಗಳ ಅಲ್ಲಿಂದಲೇ ಶುರುವಾಗುತ್ತದೆ. ಮೊದಲ ವಾರ ಮನೆಯೊಳಗೇ ಹಾಕಿಸಿ. ಬಿಚ್ಚಿದ ಮೇಲೆ ಹಿಮ್ಮಡಿ, ಬೆರಳ ಸಂದು ನೋಡಿ. ಬೊಕ್ಕೆ ಎದ್ದಿದ್ದರೂ ಎಷ್ಟೋ ಜನ ಹೇಳುವುದಿಲ್ಲ. ಕಾಲುಚೀಲದ ಹೊಲಿಗೆ ಚುಚ್ಚಿದರೆ ಕೆಲವರು ಶೂವನ್ನೇ ಬಿಸಾಡುತ್ತಾರೆ. ಚೀಲವನ್ನು ಒಳಮಗ್ಗುಲು ತಿರುಗಿಸಿ ಹಾಕಿ ನೋಡಿ.

ಉಳಿದದ್ದು ಮನೆಯಲ್ಲೇ ಇದೆ. ನೀರಿನ ಬಾಟಲ್, ಟೋಪಿ, ಬಟ್ಟೆ ಒಣಹಾಕುವ ಕ್ಲಿಪ್ ಐದಾರು, ಒಂದು ಚಿಕ್ಕ ಡಬ್ಬಿ. ಜೊತೆಗೆ ನಾಲ್ಕು ಫೋಟೋ: ಅವರದೇ ಶೂ, ಮನೆ ಬಾಗಿಲು, ಪಾರ್ಕಿನ ಬೆಂಚು, ವಾಪಸ್ ಬಂದ ಮೇಲೆ ಸಿಗುವ ಖುಷಿಯ ವಿಷಯ. ಫೋಟೋಗಳು ಅವರ ಮನೆಯದ್ದು, ಅವರ ಬೀದಿಯದ್ದೇ ಆಗಿರಲಿ. ಇಂಟರ್ನೆಟ್ಟಿನ ಚಿತ್ರ ತಮ್ಮದಲ್ಲ ಅಂತ ಅನೇಕರು ಗುರುತಿಸಿಬಿಡುತ್ತಾರೆ.

ಹೆಸರು, ಇಬ್ಬರ ಫೋನ್ ನಂಬರ್, “ಫಿಟ್ಸ್ ಇದೆ” ಎಂಬಂಥ ಮುಖ್ಯ ಮಾಹಿತಿ ಬರೆದ ಕಾರ್ಡ್ ಜೇಬಿನಲ್ಲಿರಲಿ. ಕುತ್ತಿಗೆಗೆ ನೇತುಹಾಕುವ ದಾರ ಬೇಡ, ಸಿಕ್ಕಿಹಾಕಿಕೊಳ್ಳುತ್ತದೆ. ಟ್ರೆಡ್‌ಮಿಲ್ ಈಗಲೇ ಕೊಳ್ಳಬೇಡಿ. ಓಡುವ ಪಟ್ಟಿಯ ವೇಗ ಅಂದಾಜಿಸಲು ಬರದವರು ಅದರ ಮೇಲೆ ಬೀಳುತ್ತಾರೆ.

## ಹಂತ 4: ಜಾಗ ಮತ್ತು ಹೊತ್ತು ಗೊತ್ತು ಮಾಡಿ

ನಮ್ಮ ಫುಟ್‌ಪಾತ್‌ಗಳ ಕಥೆ ಎಲ್ಲರಿಗೂ ಗೊತ್ತು. ಎದ್ದ ಕಲ್ಲು, ತೆರೆದ ಚರಂಡಿ, ಮೇಲೇರಿ ಬರುವ ಬೈಕು. ನಡಿಗೆ ಕಲಿಸಲು ಅದು ಸರಿಯಾದ ಜಾಗವಲ್ಲ. ಅಪಾರ್ಟ್‌ಮೆಂಟ್ ಆದರೆ ಕಾಂಪೌಂಡ್, ಇಲ್ಲದಿದ್ದರೆ ಮನೆ ಹತ್ತಿರದ ಪಾಲಿಕೆ ಪಾರ್ಕ್ ಒಳ್ಳೇದು. ಫ್ರೇಜರ್ ಟೌನಿನ ಕೋಲ್ಸ್ ಪಾರ್ಕ್, ಬಸವನಗುಡಿಯ ಎಂ.ಎನ್. ಕೃಷ್ಣರಾವ್ ಪಾರ್ಕ್, ರಾಜಾಜಿನಗರದ ಗಾಯತ್ರಿದೇವಿ ಪಾರ್ಕುಗಳಲ್ಲಿ ಕಿಲಿಕಿಲಿ ಸಂಸ್ಥೆಯ ಪ್ರಯತ್ನದಿಂದ ಎಲ್ಲ ಬಗೆಯ ಮಕ್ಕಳೂ ಒಟ್ಟಿಗೆ ಆಡುವ ಜಾಗಗಳಾಗಿವೆ. ಹತ್ತಿರದವರು ಹೋಗಿ ನೋಡಿ. ಕೆರೆಯ ಸುತ್ತಲಿನ ದಾರಿ ಚೆಂದ, ಆದರೆ ಇದ್ದಕ್ಕಿದ್ದಂತೆ ಓಡುವ ಸ್ವಭಾವ ಇರುವವರಿಗೆ ಮೊದಲಿಗೇ ಬೇಡ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಕೂಡ ಆಮೇಲೆ. ಭಾನುವಾರದ ಜನಜಂಗುಳಿಯಲ್ಲಿ ಹೊಸಬರು ಕಂಗಾಲಾಗುತ್ತಾರೆ.

ಜಾಗ ಆರಿಸುವಾಗ ನಾಲ್ಕು ವಿಷಯ ನೋಡಿ: ಗೇಟ್ ಎಷ್ಟಿವೆ, ಬೀದಿನಾಯಿಗಳು ಎಲ್ಲಿ ಮಲಗುತ್ತವೆ, ಕೂರಲು ಬೆಂಚು ಎಷ್ಟು ದೂರಕ್ಕೊಂದು, ಟಾಯ್ಲೆಟ್ ತೆರೆದಿರುತ್ತದೆಯೇ. ಟಾಯ್ಲೆಟ್ ವಿಷಯವನ್ನು ಹಗುರ ಮಾಡಬೇಡಿ. ಒಮ್ಮೆ ಬಟ್ಟೆ ಒದ್ದೆಯಾಗಿ ಜನರ ಮುಂದೆ ನಾಚಿಕೆಯಾದರೆ ಆಮೇಲೆ ಆ ಜಾಗಕ್ಕೇ ಬರುವುದಿಲ್ಲ.

ಹೊತ್ತು ದಿನಾ ಒಂದೇ ಇರಲಿ. ಮಾರ್ಚ್‌ನಿಂದ ಮೇವರೆಗೆ ಬಿಸಿಲು ಏರುವ ಮೊದಲೇ ಮುಗಿಸಿ. ಏಪ್ರಿಲ್, ಮೇ ಸಂಜೆಗಳಲ್ಲಿ ನಮ್ಮಲ್ಲಿ ಗುಡುಗು ಮಳೆ, ಮರದ ಕೊಂಬೆ ಬೀಳುವುದು ಸಾಮಾನ್ಯ. ಸೆಪ್ಟೆಂಬರ್, ಅಕ್ಟೋಬರಿನಲ್ಲೂ ಮಳೆ ಜೋರು. ಅದಕ್ಕೆ ಮಳೆ ದಿನದ ಕೆಲಸವನ್ನು ಈಗಲೇ ಗೊತ್ತು ಮಾಡಿ. ಅದೇ ಹೊತ್ತಿಗೆ, ಅದೇ ಶೂ ಹಾಕಿಕೊಂಡು, ಮನೆಯೊಳಗೆ ಎರಡು ಹಾಡಿಗೆ ಕುಣಿತ. ಮಳೆ ಬಂತು ಅಂತ ಒಂದು ವಾರ ಟಿವಿ ಮುಂದೆ ಕೂರಿಸಿದರೆ ರೂಢಿ ಪೂರ್ತಿ ಮುರಿಯುತ್ತದೆ.

## ಹಂತ 5: ಮೊದಲ ಎರಡು ವಾರ, ಹೋಗುವುದು ಮತ್ತು ಬರುವುದು ಮಾತ್ರ

ಎಲ್ಲರೂ ಅವಸರ ಮಾಡುವುದು ಇಲ್ಲಿಯೇ. ಈ ಎರಡು ವಾರ ಬೆವರು ಬರಿಸುವ ಯೋಚನೆ ಬಿಡಿ. ಕಲಿಸಬೇಕಾದದ್ದು ಒಂದೇ: ಇದಕ್ಕೊಂದು ಶುರು ಇದೆ, ಒಂದು ಕೊನೆ ಇದೆ.

ಕೆಲಸವನ್ನು ಚಿಕ್ಕ ಚಿಕ್ಕ ತುಂಡು ಮಾಡಿ. ಶೂ ಹಾಕು. ಬಾಟಲ್ ತಗೋ. ಬಾಗಿಲ ಹೊರಗೆ ಬಾ. ಬೆಂಚಿನವರೆಗೆ ನಡಿ. ಬೆಂಚು ಮುಟ್ಟು. ವಾಪಸ್ ಬಾ. ಒಂದು ಸಲಕ್ಕೆ ಒಂದೇ ಮಾತು ಹೇಳಿ. ಹೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸಿ. ಕೇಳಿದ್ದು ಅರ್ಥವಾಗಿ ಮೈ ಎದ್ದೇಳಲು ಇವರಿಗೆ ಅಷ್ಟು ಹೊತ್ತು ಬೇಕು. ನಾವು ಎರಡು ಎಣಿಸುವಷ್ಟರಲ್ಲಿ “ಬಾ ಬಾ, ಬೇಗ ಬಾ, ಏನಾಯ್ತು ನಿಂಗೆ” ಅಂತ ಐದು ಮಾತು ಸುರಿಯುತ್ತೇವೆ. ಪ್ರತಿ ಹೊಸ ಮಾತಿಗೆ ಅವರು ಮತ್ತೆ ಮೊದಲಿಂದ ಯೋಚಿಸಬೇಕಾಗುತ್ತದೆ.

ಮಾತಿಗೆ ಏಳದಿದ್ದರೆ ಫೋಟೋ ತೋರಿಸಿ. ಅದಕ್ಕೂ ಆಗದಿದ್ದರೆ ನೀವೇ ಮಾಡಿ ತೋರಿಸಿ. ಕೊನೆಯದಾಗಿ ಮೊಣಕೈ ಹತ್ತಿರ ಮೆಲ್ಲಗೆ ಮುಟ್ಟಿ ದಾರಿ ತೋರಿಸಿ. ಅಭ್ಯಾಸವಾದಂತೆ ಈ ನೆರವನ್ನು ಉಲ್ಟಾ ಕ್ರಮದಲ್ಲಿ ಕಡಿಮೆ ಮಾಡಿ: ಮೊದಲು ಕೈ ಬಿಡಿ, ಆಮೇಲೆ ಮಾಡಿ ತೋರಿಸುವುದು ಬಿಡಿ, ಫೋಟೋ ಕೊನೆಗೆ.

ಇನ್ನು ಕ್ಲಿಪ್‌ಗಳ ಕೆಲಸ. ಮೊದಲ ದಿನಗಳಲ್ಲಿ ಅಂಗಿಯ ಅಂಚಿಗೆ ಎರಡು ಕ್ಲಿಪ್ ಸಿಕ್ಕಿಸಿ. ಬೆಂಚು ಮುಟ್ಟಿದಾಗ ಒಂದು ತೆಗೆದು ಡಬ್ಬಿಗೆ. ಮನೆ ಬಾಗಿಲಿಗೆ ಬಂದಾಗ ಇನ್ನೊಂದು. ಕ್ಲಿಪ್ ಖಾಲಿ, ಇವತ್ತಿನದು ಮುಗೀತು. ಎಣಿಸಲು ಬರದವರಿಗೂ ಇದು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ.

ಒಂದು ನಿಯಮವನ್ನು ಯಾವ ಕಾರಣಕ್ಕೂ ಮುರಿಯಬೇಡಿ. ಕ್ಲಿಪ್ ಮುಗಿದ ಮೇಲೆ ಒಂದು ಹೆಜ್ಜೆಯೂ ಜಾಸ್ತಿ ಇಲ್ಲ. “ಇವತ್ತು ಚೆನ್ನಾಗಿ ನಡೀತಿದಾನೆ, ಇನ್ನೊಂದು ರೌಂಡ್ ಹಾಕಿಸೋಣ” ಅಂತ ಆಸೆಯಾಗುತ್ತದೆ. ನಾಲ್ಕನೇ ದಿನ ಗೇಟ್ ಹತ್ತಿರ ಕೂರುವುದಕ್ಕೆ ಹೆಚ್ಚಾಗಿ ಕಾರಣ ಈ ಆಸೆಯೇ. ಒಮ್ಮೆ ಮಾತು ತಪ್ಪಿದರೆ ಆ ಕ್ಲಿಪ್‌ಗೆ ಮತ್ತೆ ಬೆಲೆ ಇರುವುದಿಲ್ಲ. ಜಾಸ್ತಿ ನಡೆಸಬೇಕಿದ್ದರೆ ನಾಳೆ, ಹೊರಡುವ ಮೊದಲೇ, ಇನ್ನೊಂದು ಕ್ಲಿಪ್ ಸಿಕ್ಕಿಸಿ.

ಆಯ್ಕೆಯೂ ಅವರಿಗಿರಲಿ. ಯಾವ ಟೋಪಿ, ಯಾವ ಹಾಡು, ಎಡಕ್ಕೋ ಬಲಕ್ಕೋ. ದೊಡ್ಡವರಾದ ಮೇಲೂ ಇವರ ಪರವಾಗಿ ಎಲ್ಲವನ್ನೂ ನಾವೇ ಗೊತ್ತು ಮಾಡಿಬಿಡುತ್ತೇವೆ. ಮೂವತ್ತು ವರ್ಷದವರಿಗೆ “ಚಿನ್ನು ಪುಟ್ಟಿ” ಅಂತ ಬೀದಿಯಲ್ಲಿ ಕೂಗುವುದು ಬಿಡಿ. ಹೆಸರು ಹಿಡಿದು ಕರೆಯಿರಿ.

## ಹಂತ 6: ಕೂತುಬಿಟ್ಟರೆ ಏನು ಮಾಡಬೇಕು

ಮೊದಲು ಕೈ ಹಿಡಿದು ಎಳೆಯುವುದನ್ನು ನಿಲ್ಲಿಸಿ. ಕೀಲುಗಳು ಸಡಿಲ ಇರುವವರಿಗೆ ಭುಜ ಜಾರುವ ಅಪಾಯ ಇದೆ. ಪಕ್ಕದಲ್ಲಿ ನೀವೂ ಕೂತು, ಈ ಕ್ರಮದಲ್ಲಿ ನೋಡಿ.

ನೋವಿದೆಯಾ? ಶೂ ಬಿಚ್ಚಿ ಪಾದ ನೋಡಿ. ಮಲಬದ್ಧತೆ, ಹಲ್ಲುನೋವು, ಕಿವಿನೋವು, ಮುಟ್ಟಿನ ಹೊಟ್ಟೆನೋವು ಇವನ್ನೂ ಯೋಚಿಸಿ. ಮಾತು ಬಾರದವರು ನೋವನ್ನು ಮುಖ ಕಿವುಚಿ, ತಲೆಗೆ ಹೊಡೆದುಕೊಂಡು, ಕೂತುಕೊಂಡು ಹೇಳುತ್ತಾರೆ. ಅದನ್ನು “ಅವನ ಬುದ್ಧಿಯೇ ಹಾಗೆ” ಅಂತ ತಳ್ಳಿಹಾಕುವುದು ಎಲ್ಲಕ್ಕಿಂತ ದೊಡ್ಡ ಅನ್ಯಾಯ. ಹೆದರಿಕೆಯಾ? ನಿನ್ನೆ ಅಲ್ಲಿ ನಾಯಿ ಬೊಗಳಿರಬಹುದು, ಹುಲ್ಲು ಕತ್ತರಿಸುವ ಯಂತ್ರ ಓಡಿರಬಹುದು. ದಾಹ, ಹಸಿವಾ? ಮೂರೂ ಅಲ್ಲದಿದ್ದರೆ ಬಹುಶಃ ದೂರ ಜಾಸ್ತಿಯಾಗಿದೆ. ಇವತ್ತಿಗೆ ಹತ್ತಿರದ ಮರ ಮುಟ್ಟಿ ಉಳಿದ ಕ್ಲಿಪ್ ತೆಗೆದು, ಮುಗಿಸಿ ಮನೆಗೆ ಬನ್ನಿ. ನಾಳೆ ಒಂದು ಕ್ಲಿಪ್ ಕಡಿಮೆ.

ಚಿಪ್ಸ್, ಚಾಕೊಲೇಟ್ ಆಸೆ ತೋರಿಸಿ ಎಬ್ಬಿಸಬೇಡಿ. ಕೂತರೆ ತಿಂಡಿ ಸಿಗುತ್ತೆ ಅನ್ನುವುದನ್ನು ಅವರು ಬೇಗ ಕಲಿಯುತ್ತಾರೆ. ಪ್ರಾಡರ್-ವಿಲ್ಲಿ ಸಿಂಡ್ರೋಮ್ ಎಂಬ ಹುಟ್ಟಿನಿಂದ ಬರುವ ಅಪರೂಪದ ಸ್ಥಿತಿ ಇರುವವರಿಗಂತೂ ಹಸಿವೇ ತಣಿಯುವುದಿಲ್ಲ, ಅವರ ವಿಷಯದಲ್ಲಿ ತಿಂಡಿ ಬಹುಮಾನ ಬೇಡವೇ ಬೇಡ. ಮುಗಿಸಿದ ಮೇಲೆ ಅಜ್ಜಿಗೆ ವಿಡಿಯೋ ಕಾಲ್, ಇಷ್ಟದ ಹಾಡು, ಕ್ಯಾಲೆಂಡರ್ ಮೇಲೆ ತಾವೇ ಅಂಟಿಸುವ ಸ್ಟಿಕ್ಕರ್ ಸಾಕು.

## ಹಂತ 7: ಮೆಲ್ಲಗೆ ಹೆಚ್ಚಿಸುವುದು

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಅಂಗವೈಕಲ್ಯ ಇರುವವರನ್ನೂ ಸೇರಿಸಿಕೊಂಡಿದೆ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ. ಅಷ್ಟು ಆಗದಿದ್ದರೂ, ಆದಷ್ಟು ಮಾಡಿದರೂ ಒಳ್ಳೇದೇ ಅಂತ ಅದೇ ಮಾರ್ಗಸೂಚಿ ಹೇಳುತ್ತದೆ. ದಿನಕ್ಕೆ 15 ನಿಮಿಷದ ಎರಡು ನಡಿಗೆ, ವಾರಕ್ಕೆ 5 ದಿನ, ಅಲ್ಲಿಗೆ 150 ಆಯಿತು. ಇದನ್ನು ಮುಟ್ಟಲು ತಿಂಗಳುಗಳೇ ಹಿಡಿಯಲಿ, ಪರವಾಗಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ. ದೂರ ಹೆಚ್ಚಿಸಿದ ವಾರ ವೇಗ ಹೆಚ್ಚಿಸಬೇಡಿ, ಜಾಗ ಬದಲಿಸಬೇಡಿ.

ಶ್ರಮ ಎಷ್ಟಾಗುತ್ತಿದೆ ಅಂತ ತಿಳಿಯಲು ಮಾತಾಡಿಸಿ. ಮಾತಾಡಲು ಆಗಬೇಕು, ಹಾಡಲು ಕಷ್ಟವಾಗಬೇಕು. ಅದು ಸರಿಯಾದ ವೇಗ. ಮಾತು ಬಾರದವರಲ್ಲಿ ಉಸಿರು, ಮುಖದ ಬಣ್ಣ, ಹೆಜ್ಜೆ ನೋಡಿ. ಡೌನ್ ಸಿಂಡ್ರೋಮ್ ಇರುವವರ ಎದೆಬಡಿತ ಶ್ರಮ ಪಟ್ಟಾಗಲೂ ಬೇರೆಯವರಷ್ಟು ಏರುವುದಿಲ್ಲ. ಸ್ಮಾರ್ಟ್ ವಾಚ್ ನೋಡಿ “ಇನ್ನೂ ಕಡಿಮೆ ಇದೆ” ಅಂತ ಓಡಿಸಿದರೆ ಅವರ ಶಕ್ತಿ ಮೀರಿ ಓಡಿಸಿದಂತೆ. ಎದೆಬಡಿತ ಗರಿಷ್ಠ ಎಷ್ಟು ಏರಬಹುದು ಅಂತ ಅಂದಾಜಿಸಲು 220ರಿಂದ ವಯಸ್ಸು ಕಳೆಯುವ ಲೆಕ್ಕ ಇವರಿಗೆ ಹೊಂದುವುದಿಲ್ಲ.

ಬಲಕ್ಕೆ ಜಿಮ್ ಬೇಕಿಲ್ಲ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಗೋಡೆಗೆ ಅಂಗೈ ಒತ್ತಿ ಬಗ್ಗಿ ಹಿಂದೆ ಬರುವುದು. ಒಂದು ಲೀಟರ್ ನೀರಿನ ಬಾಟಲ್ ಅಂದರೆ ಒಂದು ಕಿಲೋ, ಅದನ್ನು ಎತ್ತಿ ಇಳಿಸುವುದು. ಐದೈದು ಸಲದಿಂದ ಶುರು ಮಾಡಿ. ಉಸಿರು ಬಿಗಿ ಹಿಡಿಯದಂತೆ ಜೋರಾಗಿ ಎಣಿಸಿ. ಒಗೆದ ಬಟ್ಟೆ ಹಿಂಡಿ ಟೆರೇಸಿಗೆ ಒಯ್ದು ಹಾಕುವುದು, ಅಂಗಳ ಗುಡಿಸುವುದು, ಗಿಡಕ್ಕೆ ನೀರು ಹೊತ್ತು ಹಾಕುವುದು ಕೂಡ ವ್ಯಾಯಾಮವೇ. ಇವನ್ನು ಅವರಿಂದ ಕಿತ್ತುಕೊಂಡು ನಾವೇ ಬೇಗ ಮುಗಿಸಿಬಿಡುವುದು ಮನೆಮನೆಯ ತಪ್ಪು. ಪಾರ್ಕಿನ ಓಪನ್ ಜಿಮ್ ಯಂತ್ರಗಳ ಹತ್ತಿರ ಒಬ್ಬರನ್ನೇ ಬಿಡಬೇಡಿ. ತೂಗಾಡುವ ಪೆಡಲ್, ಕಂಬಿಗಳ ನಡುವೆ ಬೆರಳು, ಕಾಲು ಸಿಕ್ಕಿಕೊಳ್ಳುತ್ತವೆ.

## ತಕ್ಷಣ ನಿಲ್ಲಿಸಬೇಕಾದ ಲಕ್ಷಣಗಳು

ಎದೆ ಹಿಡಿದುಕೊಳ್ಳುವುದು, ತುಟಿ ನೀಲಿಯಾಗುವುದು, ತಲೆ ಸುತ್ತಿ ಬೀಳುವುದು ಕಂಡರೆ ಕೂಡಲೇ 108ಕ್ಕೆ ಕರೆ ಮಾಡಿ.

ಕತ್ತು ಒಂದು ಕಡೆ ವಾಲುವುದು, ಕತ್ತು ನೋವು, ನಡಿಗೆ ಹೊಸದಾಗಿ ತಡವರಿಸುವುದು, ಕೈಯಿಂದ ಲೋಟ ಜಾರುವುದು, ಇಲ್ಲಿಯವರೆಗೆ ಹಿಡಿತ ಇದ್ದವರು ಬಟ್ಟೆಯಲ್ಲೇ ಮೂತ್ರ ಮಾಡಿಕೊಳ್ಳುವುದು. ಇವು ಬೆನ್ನುಹುರಿ ಒತ್ತಿಹೋಗುತ್ತಿರುವ ಲಕ್ಷಣ ಇರಬಹುದು. ಡೌನ್ ಸಿಂಡ್ರೋಮ್ ಇರುವವರಲ್ಲಿ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕತ್ತಿಗೆ ಮಸಾಜ್ ಮಾಡಿಸಬೇಡಿ.

ಬಿಸಿಲಲ್ಲಿ ಮೈ ಕೆಂಡದಂತಾಗಿ ಬೆವರು ಬಾರದಿದ್ದರೆ ನೆರಳಿಗೆ ಕರೆತಂದು ಒದ್ದೆ ಬಟ್ಟೆಯಿಂದ ಮೈ ಒರೆಸಿ, ಗಾಳಿ ಹಾಕಿ. ಗೊಂದಲ, ವಾಂತಿ ಇದ್ದರೆ ಆಸ್ಪತ್ರೆ.

ಫಿಟ್ಸ್ ಬಂದರೆ ಗಡಿಯಾರ ನೋಡಿಕೊಳ್ಳಿ. ಒಂದು ಮಗ್ಗುಲಿಗೆ ಮಲಗಿಸಿ, ತಲೆ ಕೆಳಗೆ ಮೆತ್ತನೆ ಬಟ್ಟೆ ಇಡಿ. ಬಾಯಿಗೆ ಚಮಚ, ಬಟ್ಟೆ, ನೀರು ಏನೂ ಬೇಡ. ಸುತ್ತ ನಿಂತವರು ಕೈಗೆ ಕಬ್ಬಿಣದ ಬೀಗದಕೈ ಕೊಡಲು ಬರುತ್ತಾರೆ, ಅದರಿಂದ ಏನೂ ಉಪಯೋಗವಿಲ್ಲ. 5 ನಿಮಿಷ ದಾಟಿದರೆ ಅಥವಾ ಎಚ್ಚರವಾಗುವ ಮೊದಲೇ ಮತ್ತೊಮ್ಮೆ ಬಂದರೆ 108.

## ಹಂತ 8: ಅಮ್ಮನೊಬ್ಬಳ ಮೇಲೆ ಬಿಡಬೇಡಿ

ಅಮ್ಮನಿಗೆ ಜ್ವರ ಬಂದ ದಿನ ನಡಿಗೆ ನಿಂತರೆ, ಅದು ಇನ್ನೂ ಅಮ್ಮನ ನಡಿಗೆಯೇ. ಮೂರನೇ ತಿಂಗಳಲ್ಲಾದರೂ ಅಪ್ಪ, ಅಕ್ಕ, ಚಿಕ್ಕಪ್ಪ, ಪಕ್ಕದ ಮನೆಯ ಹುಡುಗ, ಯಾರಾದರೂ ಇನ್ನಿಬ್ಬರು ಕಲಿಯಲಿ. ಹೊಸಬರು ಮೊದಲ ಕೆಲವು ದಿನ ಜೊತೆಗೆ ಬಂದು ನೋಡಲಿ. ಕ್ಲಿಪ್ ನಿಯಮ, ಹತ್ತು ಎಣಿಸುವುದು, ನಿಲ್ಲಿಸಬೇಕಾದ ಲಕ್ಷಣಗಳು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ.

ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಮುಟ್ಟಿನ ದಿನಗಳಲ್ಲಿ, ಆಮೇಲೆ ಜನರ ಕಣ್ಣಿಗೆ ಹೆದರಿ, ಕೊನೆಗೆ ಪೂರ್ತಿಯಾಗಿ ಹೊರಗೆ ಕಳಿಸುವುದು ನಿಂತುಹೋಗುತ್ತದೆ. ನೋವಿಲ್ಲದಿದ್ದರೆ ಮುಟ್ಟಿನಲ್ಲಿ ನಡೆಯಲು ತೊಂದರೆ ಇಲ್ಲ. ಜೊತೆಗೆ ಹೋಗುವ ಹೆಂಗಸರು ಯಾರು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ.

ಪಾರ್ಕಿನಲ್ಲಿ “ಅಯ್ಯೋ ಪಾಪ” ಅನ್ನುವವರು ಸಿಗುತ್ತಾರೆ. ದಿನಾ ಬರುವ ಇಬ್ಬರು ಮೂವರಿಗೆ ಹೆಸರು ಹೇಳಿ ಪರಿಚಯ ಮಾಡಿಸಿ. “ಗುಡ್ ಮಾರ್ನಿಂಗ್” ಹೇಳುವ ಜನ ಇದ್ದಾರೆ ಅನ್ನುವುದೇ ಆಮೇಲೆ ಹೊರಡಲು ಒಂದು ಕಾರಣವಾಗುತ್ತದೆ.

## ಹಂತ 9: ಆಟಕ್ಕೆ ಸೇರಿಸುವುದಾದರೆ

ನಡಿಗೆ ಗಟ್ಟಿಯಾದ ಮೇಲೆ ಗುಂಪಿನ ಆಟ ನೋಡಿ. ಬೌದ್ಧಿಕ ಅಂಗವೈಕಲ್ಯ ಇರುವವರಿಗಾಗಿಯೇ ನಡೆಯುವ ಸ್ಪೆಷಲ್ ಒಲಿಂಪಿಕ್ಸ್ ಸ್ಪರ್ಧೆಗೆ 8 ವರ್ಷ ತುಂಬಿರಬೇಕು, ಮೇಲಿನ ವಯಸ್ಸಿಗೆ ಮಿತಿ ಇಲ್ಲ. ನಲವತ್ತು ದಾಟಿದವರೂ ಸೇರಬಹುದು. ಸಾಮರ್ಥ್ಯದ ಪ್ರಕಾರ ಗುಂಪು ಮಾಡುತ್ತಾರೆ, ಆದ್ದರಿಂದ ನಿಧಾನ ಇರುವವರು ನಿಧಾನ ಇರುವವರ ಜೊತೆಗೇ ಓಡುತ್ತಾರೆ. ಓಡಲಾರದವರಿಗೆ ಚೆಂಡು ಉರುಳಿಸುವ ಬೋಚಿ ಆಟ ಚೆನ್ನಾಗಿ ಹೊಂದುತ್ತದೆ. ಅಂಗವೈಕಲ್ಯ ಇಲ್ಲದವರೂ ಅದೇ ತಂಡದಲ್ಲಿ ಆಡುವ ಯೂನಿಫೈಡ್ ಆಟಗಳೂ ಇವೆ. ನಿಮ್ಮ ಮಗ ಅಥವಾ ಮಗಳು ಓದಿದ ಸ್ಪೆಷಲ್ ಸ್ಕೂಲಿನಲ್ಲಿ ಸ್ಪೆಷಲ್ ಒಲಿಂಪಿಕ್ಸ್ ಭಾರತ್‌ನ ಕೋಚ್ ಇದ್ದಾರಾ ಅಂತ ಮೊದಲು ವಿಚಾರಿಸಿ. ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ), ಡಾಕ್ಟರ ಸರ್ಟಿಫಿಕೇಟ್ ಸಿದ್ಧ ಇರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್ ಕ್ರೀಡೆಯಲ್ಲಿ ಇವರ ಭಾಗವಹಿಸುವಿಕೆಗೆ ಕ್ರಮ ಕೈಗೊಳ್ಳಬೇಕು ಅನ್ನುತ್ತದೆ. ಯಾವುದಾದರೂ ಕ್ರೀಡಾಂಗಣದ ಗೇಟಿನಲ್ಲಿ ತಡೆದರೆ ಆ ಸೆಕ್ಷನ್ ಹೇಳಿ ಕೇಳಿ.

## ನಡುವೆ ನಿಂತುಹೋದರೆ

ಹಬ್ಬಕ್ಕೆ ಊರಿಗೆ ಹೋಗಿ ಬಂದ ಮೇಲೆ, ಜ್ವರ, ಡೆಂಗ್ಯೂ ಆದ ಮೇಲೆ ನಿಂತೇ ನಿಲ್ಲುತ್ತದೆ. ಬಿಟ್ಟಲ್ಲಿಂದಲೇ ಮುಂದುವರಿಸಲು ಹೋಗಬೇಡಿ. ಒಂದು ವಾರ ನಿಂತಿದ್ದರೆ ಅರ್ಧ ಕ್ಲಿಪ್‌ಗಳಿಂದ ಶುರು ಮಾಡಿ. ತಿಂಗಳು ದಾಟಿದ್ದರೆ ಐದನೇ ಹಂತಕ್ಕೆ ಬನ್ನಿ: ಶೂ, ಬಾಗಿಲು, ಬೆಂಚು, ವಾಪಸ್. ಎರಡನೇ ಸಲ ಹೆಚ್ಚಾಗಿ ಬೇಗ ಹಳಿಗೆ ಬರುತ್ತಾರೆ. ಕಾಯಿಲೆಯಾದವರಿಗೆ ಡಾಕ್ಟರ ಒಪ್ಪಿಗೆ ಸಿಕ್ಕ ಮೇಲೆಯೇ ಮೊದಲ ಕ್ಲಿಪ್ ಸಿಕ್ಕಿಸಿ.